ಪಕ್ಕದ ಸೀಟು

ಉಪ್ಪಿನಕಾಯಿ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಡೆಲ್ಫೀನಳ ಕಾರಿನಲ್ಲಿ ಮನೆಗೆ ಬರುವುದು ಒಂಬತ್ತು ವರ್ಷದ ರೂಢಿ.
ಪೆಟ್ರೋಲಿಗೆಂದು ವಾರಕ್ಕೆ ಹತ್ತು ಡಾಲರ್ ಕೊಡುತ್ತಿದ್ದೆ.
ಸೀಟು ಎಷ್ಟು ಹಿಂದೆ ಸರಿಯಬೇಕೆಂದು ನನ್ನ ಕೈಗೇ ಗೊತ್ತಿತ್ತು.
ವಿನೆಗರ್ ವಾಸನೆ ಇಬ್ಬರಿಗೂ ಸಮಪಾಲು.

ಮಾರ್ಚ್ ತಿಂಗಳು. ಉತ್ತರ ಒಹಾಯೊದ ಹೊಲಗಳಲ್ಲಿ
ಹೋದ ವರ್ಷದ ಮೆಕ್ಕೆಜೋಳದ ಕೂಳೆ,
ಅಲ್ಲಲ್ಲಿ ಕರಗದೆ ಉಳಿದ ಹಿಮ.
ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ.
ಹಿಮ ಅಂದುಕೊಂಡದ್ದು ಕತ್ತೆತ್ತಿತು.
ಹಂಸಗಳು! ಉತ್ತರಕ್ಕೆ ಹೊರಟವು, ದಾರಿಖರ್ಚಿಗೆ
ಉದುರಿದ ಕಾಳು ಹೆಕ್ಕುತ್ತಿದ್ದವು.
ನಾನು ಅಂದೆ:
"ನೋಡೇ."

ಆಮೇಲಿನದು ಪೊಲೀಸ್ ವರದಿಯಲ್ಲಿದೆ.
ಮೋರಿಯ ಕಲ್ಲು, ಬಲಗಡೆಯ ಬಾಗಿಲು, ನನ್ನ ಮಣಿಕಟ್ಟು, ಕೊರಳೆಲುಬು.
ಅವಳ ಹಣೆಗೆ ಎರಡೇ ಹೊಲಿಗೆ.

ವಿಮೆಯ ಹುಡುಗ ಫೋನಿನಲ್ಲಿ ವಿನಯದಿಂದ ವಿವರಿಸಿದ:
ಅವರ ಪಾಲಿಸಿಯಲ್ಲಿ ವೈದ್ಯವೆಚ್ಚಕ್ಕೆಂದೇ
ಐದು ಸಾವಿರ ಡಾಲರ್ ಇದೆ, ಮೇಡಂ.
ತಪ್ಪು ಯಾರದೇ ಆಗಲಿ,
ಕಾರಿನೊಳಗೆ ಕೂತಿದ್ದರೆ ಸಾಕು.

ಕೂತಿದ್ದರೆ ಸಾಕು!
ಇಗರ್ಜಿಯಲ್ಲೂ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಆಂಬುಲೆನ್ಸು ಮೈಲಿ ಲೆಕ್ಕದಲ್ಲಿ ಒಂದಿಷ್ಟು ತಿಂದಿತು.
ಸ್ಕ್ಯಾನಿನ ಬಿಳಿ ಸುರಂಗ ಎರಡು ಸಲ ಬಾಯಿ ತೆರೆಯಿತು.
ಮಣಿಕಟ್ಟಿಗೊಂದು ಲೋಹದ ಪಟ್ಟಿ, ಅದಕ್ಕೆ ಏಳು ತಿರುಪು,
ಒಂದು ತಿರುಪಿನ ಬೆಲೆಗೆ ನಮ್ಮಪ್ಪ ಮೀನು ಹಿಡಿಯಲು ದೋಣಿ ಕೊಂಡಿದ್ದ.
ಐದು ಸಾವಿರ ಶಸ್ತ್ರಕ್ರಿಯೆಯ ಕೋಣೆಯ ಹೊಸ್ತಿಲನ್ನೂ ದಾಟಲಿಲ್ಲ.
ಕಾರ್ಖಾನೆಯ ವಿಮೆಯವರು ಮೊದಲು ಕಾರಿನವರನ್ನು ಕೇಳಿ ಎಂದರು.
ಕಾರಿನವರನ್ನು ಕೇಳಿದೆ.

ಉಳಿದದ್ದಕ್ಕೆ, ಅಂದ ಹುಡುಗ, ಚಾಲಕಿಯ ಮೇಲೆ ಕ್ಲೇಮು ಹಾಕಬೇಕು,
ತಪ್ಪು ಅವರದೆಂದು ತೋರಿಸಬೇಕು.
ಸಂಕೋಚ ಬೇಡ ಮೇಡಂ, ದುಡ್ಡು ಅವರ ಕಿಸೆಯದಲ್ಲ, ಕಂಪನಿಯದು,
ಕಾಗದದ ಮೇಲೆ ಮಾತ್ರ ಅವರ ಹೆಸರು.

ಮೂರು ವಾರ ಆ ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು.
ಹಾಲು ತೆಗೆಯುವಾಗೆಲ್ಲ ಅದರ ಮುಖ ತಪ್ಪಿಸುತ್ತಿದ್ದೆ.

ಭಾನುವಾರ ಡೆಲ್ಫೀನ್ ಬಾರ್ಲಿ ಸೂಪು ಹೊತ್ತು ಬಂದಳು,
ಬೇರೆ ಯಾರದೋ ಕಾರಿನಲ್ಲಿ.
ಪಾತ್ರೆ ಒಳಗಿಡಲು ಫ್ರಿಜ್ಜಿನ ಬಳಿ ಹೋದವಳು
ಅಲ್ಲೇ ನಿಂತಳು.
ಓದಿದಳೆಂದು ಬೆನ್ನು ನೋಡಿಯೇ ತಿಳಿಯಿತು.

"ನಿನ್ನ ಬಲಗೈ ಪ್ಲಾಸ್ಟರಿನಲ್ಲಿದೆಯಲ್ಲ," ಎಂದು
ಕನ್ನಡಕ ಹಾಕಿಕೊಂಡು ಮೇಜಿಗೆ ಕೂತಳು.
"ನೀ ಹೇಳು, ನಾನು ಬರೀತೀನಿ."

ಹೆಸರು. ಆರ್ಡಿತ್ ಹೆಲ್ಮ್.
ಹುಟ್ಟಿದ ದಿನ ನಾನು ಹೇಳುವ ಮೊದಲೇ ಬರೆದಿದ್ದಳು.
ಪೆಟ್ಟು ಬಿದ್ದ ಜಾಗ. ಕೂತಿದ್ದ ಜಾಗ.
ತಪ್ಪಿತಸ್ಥ ಚಾಲಕರು:
ಡೆಲ್ಫೀನ್ ಗ್ರಾಬೊವ್ಸ್ಕಿ,
ಬಾಟಲಿಗೆ ಲೇಬಲ್ ಅಂಟಿಸಿದ ಹಾಗೆ, ನೆಟ್ಟಗೆ,
ಒಂದಕ್ಷರವೂ ಗೆರೆ ದಾಟದಂತೆ.

ಚಾಲಕರ ಗಮನ ಬೇರೆಡೆ ಇತ್ತೆ?
ಪೆನ್ನು ನಿಂತಿತು.
ನಾನು ಬಾಯಿ ತೆರೆದೆ. ಆ ಒಂದು ಮಾತಿಗೆ
ಇಡೀ ಫಾರಮ್ಮಿನಲ್ಲಿ ಒಂದು ಚೌಕವೂ ಇರಲಿಲ್ಲ.
ಅವಳು ಹೌದು ಎಂಬಲ್ಲಿ ಗುರುತು ಹಾಕಿ ಪುಟ ಮಗುಚಿದಳು.

ಎಡಗೈಯಲ್ಲಿ ಸಹಿ ಹಾಕಿದೆ,
ಒಂದನೇ ಕ್ಲಾಸಿನ ಹುಡುಗಿಯ ಹಾಗೆ, ನಾಲಿಗೆ ಕಚ್ಚಿಕೊಂಡು.
ಅವಳು ಕಾಗದ ಒತ್ತಿ ಹಿಡಿದಿದ್ದಳು, ಜರುಗದಂತೆ.

ಸೂಪು ಕುದಿಯುವ ತನಕ ಇಬ್ಬರೂ ಮಾತಾಡಲಿಲ್ಲ.
ಆಮೇಲೆ ಸೌಟು ಆಡಿಸುತ್ತ,
ಒಲೆಯ ಕಡೆಗೇ ಮುಖಮಾಡಿ ಕೇಳಿದಳು:
"ಒಟ್ಟು ಎಷ್ಟಿದ್ದವು ಕಣೇ?"
ನಾನು ಎಣಿಸಲಿಲ್ಲ, ಅಂದೆ.

"ನಾನು ಹದಿನೇಳರವರೆಗೆ ಎಣಿಸಿದ್ದೆ."